ದುಡ್ಡು ಕಟ್ಟಾಯ್ತು ಅಂತ ಇಮೇಲ್ ಬಂದರೆ?

ಪ್ರಶ್ನೆ: ನಾನು ಚಿಂತಾಮಣಿಯವಳು. ಮನೆಯಲ್ಲೇ ಕೂತು ಹೊರದೇಶದ ಗಿರಾಕಿಗಳಿಗೆ ಲೋಗೋ, ಪೋಸ್ಟರ್ ಮಾಡಿಕೊಡುತ್ತೇನೆ. ದುಡ್ಡು ಪೇಪಾಲ್ ಅನ್ನುವ ಆನ್‌ಲೈನ್ ಪಾವತಿ ಕಂಪನಿಯ ಖಾತೆಗೆ ಬರುತ್ತದೆ. ಹೋದ ವಾರ ಅವರ ಹೆಸರಲ್ಲೇ ಒಂದು ಇಮೇಲ್ ಬಂತು, 'ನಿಮ್ಮ ಖಾತೆ ತಡೆಹಿಡಿದಿದ್ದೇವೆ, 24 ಗಂಟೆಯೊಳಗೆ ವಿವರ ಕೊಡಿ' ಅಂತ. ಲೋಗೋ, ಬಣ್ಣ ಎಲ್ಲಾ ಥೇಟ್ ಅದೇ. ಡಿಸೈನ್ ಕೆಲಸ ಮಾಡುವ ನನಗೇ ವ್ಯತ್ಯಾಸ ಕಾಣಲಿಲ್ಲ. ಅಸಲಿಯೋ ನಕಲಿಯೋ ಹೇಗೆ ತಿಳಿಯುವುದು?

ಉತ್ತರ: ಕಾಣುವುದೇ ಇಲ್ಲ ಮೇಡಂ. ಲೋಗೋ ಕದಿಯುವುದು ಎಷ್ಟು ಸುಲಭ ಅಂತ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಮೊದಲೆಲ್ಲ ಇಂಥ ಮೇಲ್‌ಗಳಲ್ಲಿ ಇಂಗ್ಲಿಷ್ ತಪ್ಪುತಪ್ಪಾಗಿರುತ್ತಿತ್ತು, ಅದನ್ನು ನೋಡಿಯೇ ಹಿಡಿಯಬಹುದಿತ್ತು. ಈಗ ಎಐ ಬಂದಿದೆ, ಕಳ್ಳನ ಇಂಗ್ಲಿಷ್ ನನ್ನದಕ್ಕಿಂತ ಚೆನ್ನಾಗಿರುತ್ತದೆ. ಹಾಗಾಗಿ ಅಂದಚೆಂದ ಬಿಡಿ, ವಿಳಾಸ ನೋಡಿ.

ಮೊಬೈಲಿನಲ್ಲಿ ಕಳಿಸಿದವರ ಹೆಸರಷ್ಟೇ ಕಾಣುತ್ತದೆ. ಆ ಹೆಸರನ್ನು ಯಾರು ಬೇಕಾದರೂ ಏನು ಬೇಕಾದರೂ ಇಟ್ಟುಕೊಳ್ಳಬಹುದು. ಅದರ ಮೇಲೆ ಒತ್ತಿ, ಪೂರ್ತಿ ಇಮೇಲ್ ವಿಳಾಸ ಬರುತ್ತದೆ. ಮೇಲ್ ಒಳಗಿನ ಬಟನ್ ಇದೆಯಲ್ಲ, ಅದನ್ನು ಒತ್ತಿ ಬಿಡಬೇಡಿ, ಒತ್ತಿ ಹಿಡಿದುಕೊಳ್ಳಿ. ಅದು ಎಲ್ಲಿಗೆ ಕರೆದೊಯ್ಯುತ್ತದೆ ಅಂತ ತೋರಿಸುತ್ತದೆ. ಕಂಪ್ಯೂಟರಾದರೆ ಮೌಸ್ ಬಾಣವನ್ನು ಅದರ ಮೇಲಿಟ್ಟರೆ ಸಾಕು.

ಇನ್ನು ಆ ವಿಳಾಸ ಓದುವ ಬಗೆ. ನಿಮ್ಮೂರಿನ ಬಸ್ಸಿನ ಬೋರ್ಡ್ ನೆನಪಿಸಿಕೊಳ್ಳಿ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಅಂತ ಬರೆದಿದ್ದರೆ ಬಸ್ಸು ಕೊನೆಗೆ ಬಂದು ನಿಲ್ಲುವುದು ಚಿಂತಾಮಣಿಯಲ್ಲಿ ಅಲ್ವಾ? ಇದೂ ಹಾಗೇ. ಮೊದಲ ಒಂಟಿ ಓರೆಗೆರೆ (/) ಬರುವ ತನಕ ಓದಿ, ಅದರ ಹಿಂದೆ ಕೊನೆಯಲ್ಲಿ ಏನಿದೆ ನೋಡಿ. 'ಪೇಪಾಲ್ ಡಾಟ್ ಕಾಮ್' ಅಂತಲೇ ಮುಗಿದು, ಪೇಪಾಲ್ ಹೆಸರಿಗೆ ಮುಂಚೆ ಬೇರೆ ಅಕ್ಷರವೋ ಅಡ್ಡಗೆರೆಯೋ ಅಂಟಿಕೊಂಡಿರದಿದ್ದರೆ ಸರಿ. 'ಪೇಪಾಲ್ ಡಾಟ್ ಕಾಮ್ ಡಾಟ್ ಇನ್ನೇನೋ ಡಾಟ್ ಟಾಪ್' ಅಂತಿದ್ದರೆ ಪೇಪಾಲ್ ದಾರಿಯಲ್ಲಿ ಸಿಗುವ ಊರು ಮಾತ್ರ, ಬಸ್ಸು ನಿಮ್ಮನ್ನು ಇಳಿಸುವುದು ಕಳ್ಳನ ಮನೆ ಮುಂದೆ. ಪೇಪಾಲ್‌ನ ಕೊನೆಯ 'ಎಲ್' ತೆಗೆದು ಅಲ್ಲಿ 1 ಅಂಕಿ ಕೂರಿಸುವವರೂ ಇದ್ದಾರೆ, ಸಣ್ಣ ಪರದೆಯಲ್ಲಿ ಅದು ಗೊತ್ತೇ ಆಗುವುದಿಲ್ಲ. ಬ್ರೌಸರಿನಲ್ಲಿ ವಿಳಾಸದ ಪಕ್ಕ ಬೀಗದ ಚಿತ್ರ ಇದೆ ಅಂತ ನಂಬಬೇಡಿ. ನಕಲಿ ಸೈಟಿಗೂ ಬೀಗ ಪುಕ್ಕಟೆ ಸಿಗುತ್ತದೆ.

ಇಷ್ಟೆಲ್ಲ ಹೇಳಿದೆ, ಆದರೆ ನಿಜ ಹೇಳಲಾ? ನಾನು ಪ್ರತಿ ಸಲ ಇದೆಲ್ಲ ಪರೀಕ್ಷೆ ಮಾಡುತ್ತಾ ಕೂರುವುದಿಲ್ಲ. ಮೇಲ್ ಮುಚ್ಚಿ, ಆ್ಯಪ್ ನಾನೇ ತೆರೆದು ನೋಡುತ್ತೇನೆ. ಖಾತೆಗೆ ನಿಜವಾಗಿ ತಡೆ ಬಿದ್ದಿದ್ದರೆ ಅಲ್ಲೇ ಕಾಣುತ್ತದೆ. ಇನ್ನೊಂದು, ಬ್ರೌಸರಿನಲ್ಲಿ ಪಾಸ್‌ವರ್ಡ್ ಉಳಿಸಿಟ್ಟಿದ್ದೀರಾ? ಅದು ಅಸಲಿ ವಿಳಾಸದಲ್ಲಿ ಮಾತ್ರ ತಾನಾಗಿ ತುಂಬಿಕೊಳ್ಳುತ್ತದೆ. ದಿನಾ ತುಂಬುತ್ತಿದ್ದದ್ದು ಇವತ್ತು ಸುಮ್ನೆ ಕೂತಿದೆ ಅಂದರೆ ನೀವೂ ಕೈಯಿಂದ ತುಂಬಲು ಹೋಗಬೇಡಿ.

ಪ್ರಶ್ನೆ: ಸಾರ್, ನಾನು ಕೋಲಾರದಲ್ಲಿ ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುವವನು. ನನಗೆ ಪೇಪಾಲ್ ಖಾತೆಯೇ ಇಲ್ಲ. ಆದರೂ 499 ಡಾಲರ್ ಬಿಲ್ ಬಂದಿದೆ. ಕಳಿಸಿದ ವಿಳಾಸ ಅಸಲಿಯೇ, ಎರಡೆರಡು ಸಲ ನೋಡಿದೆ. 'ಇದು ನಿಮ್ಮದಲ್ಲದಿದ್ದರೆ ಈ ನಂಬರಿಗೆ ಫೋನ್ ಮಾಡಿ' ಅಂತಿದೆ. ಮಾಡಲಾ?

ಉತ್ತರ: ಬೇಡ! ವಿಳಾಸ ನೋಡಿದ್ದು ಒಳ್ಳೆಯದಾಯಿತು, ಆದರೆ ಈ ಆಟವೇ ಬೇರೆ. ಪೇಪಾಲ್‌ನಲ್ಲಿ ಖಾತೆ ಇರುವ ಯಾರೇ ಆಗಲಿ, ಯಾವ ಇಮೇಲ್ ವಿಳಾಸಕ್ಕಾದರೂ ಬಿಲ್ ಕಳಿಸಬಹುದು. ಕಳ್ಳ ಅದೇ ಸೌಲಭ್ಯದಲ್ಲಿ ಬಿಲ್ ಬರೆದು, ಟಿಪ್ಪಣಿ ಜಾಗದಲ್ಲಿ ತನ್ನ ನಂಬರ್ ಹಾಕುತ್ತಾನೆ. ಕಳಿಸುವುದು ಮಾತ್ರ ಕಂಪನಿಯ ಯಂತ್ರ. ಹಾಗಾಗಿ ಕಾಗದ ಅಸಲಿ, ಒಳಗಿನ ಮಾತು ಸುಳ್ಳು. ಬಿಲ್ ಬಂದಾಕ್ಷಣ ದುಡ್ಡು ಹೋಗುವುದಿಲ್ಲ, ನೀವು ಕಟ್ಟಿದರೆ ಮಾತ್ರ ಹೋಗುತ್ತದೆ. ಅವನಿಗೆ ಬೇಕಿರುವುದು ನಿಮ್ಮ ಫೋನ್ ಕರೆ. ಮಾಡಿದರೆ 'ಕ್ಯಾನ್ಸಲ್ ಮಾಡಿಕೊಡ್ತೀನಿ, ಈ ಆ್ಯಪ್ ಹಾಕ್ಕೊಳ್ಳಿ' ಅನ್ನುತ್ತಾನೆ. ಹಾಕಿಕೊಂಡರೆ ನಿಮ್ಮ ಪರದೆ ಅವನಿಗೆ ಕಾಣುತ್ತದೆ, ಒಟಿಪಿ ಸಮೇತ.

ಇದರ ಜೊತೆಗೆ ಒಂದು ತಿಳಿದಿರಲಿ. 2021ರ ಏಪ್ರಿಲ್ 1ರಿಂದ ಪೇಪಾಲ್ ನಮ್ಮ ದೇಶದೊಳಗಿನ ಪಾವತಿ ನಿಲ್ಲಿಸಿದೆ, ಹೊರದೇಶದ ವ್ಯವಹಾರ ಮಾತ್ರ ಉಳಿಸಿಕೊಂಡಿದೆ. 'ಬೆಂಗಳೂರಿನ ಅಂಗಡಿಗೆ ಇಷ್ಟು ಸಾವಿರ ರೂಪಾಯಿ ಪೇಪಾಲ್ ಮಾಡಿದ್ದೀರಿ' ಅಂತ ನಾಳೆ ಇನ್ನೊಂದು ಬಂದರೆ ನಕ್ಕು ಅಳಿಸಿಬಿಡಿ.

ಪ್ರಶ್ನೆ: ತುಮಕೂರಿನಿಂದ ಬರೆಯುತ್ತಿದ್ದೇನೆ, ಹೆಸರು ಬೇಡ. ಯುಪಿಐ ಆ್ಯಪಿನ ಹೆಸರಲ್ಲಿ 'ಕ್ಯಾಶ್‌ಬ್ಯಾಕ್ 1,999 ರೂಪಾಯಿ' ಅಂತ ಮೇಲ್ ಬಂತು. ಅಪ್ಪ ಲಿಂಕ್ ಒತ್ತಿ ಪಿನ್ ಹಾಕಿದರು. ಅಷ್ಟೂ ದುಡ್ಡು ಹೋಯಿತು. ಬ್ಯಾಂಕಿನಲ್ಲಿ ನಿಮ್ಮದೇ ತಪ್ಪು ಅಂದರಂತೆ. ಎರಡು ದಿನದಿಂದ ಅಪ್ಪ ಸರಿಯಾಗಿ ಊಟವನ್ನೂ ಮಾಡುತ್ತಿಲ್ಲ.

ಉತ್ತರ: ಎರಡು ದಿನ ಆಯಿತಾ? ಇದನ್ನು ಓದುತ್ತಿರುವಾಗಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಹೋದ ದುಡ್ಡು ಖಾತೆಯಿಂದ ಖಾತೆಗೆ ಹಾರುತ್ತಾ ಇರುತ್ತದೆ, ಯಾವುದಾದರೂ ಖಾತೆಯಲ್ಲಿ ಇನ್ನೂ ಕೂತಿದ್ದರೆ ತಡೆಹಿಡಿಸಬಹುದು. ಕರೆ ಸಿಗದಿದ್ದರೆ ಸೈಬರ್ ಕ್ರೈಮ್ ಡಾಟ್ ಗವ್ ಡಾಟ್ ಇನ್‌ನಲ್ಲಿ ದೂರು ಕೊಡಿ, ತುಮಕೂರಿನ ಸೈಬರ್ ಅಪರಾಧ ಪೊಲೀಸ್ ಠಾಣೆಗೂ ಹೋಗಿ. ವಹಿವಾಟಿನ ಯುಟಿಆರ್ ನಂಬರ್, ಸ್ಕ್ರೀನ್‌ಶಾಟ್ ಜೊತೆಗಿರಲಿ. ಆ ಮೇಲ್ ಅಳಿಸಬೇಡಿ.

ಬ್ಯಾಂಕಿನವರು ಹೇಳಿದ್ದು ಅರ್ಧ ನಿಜ. 2017ರ ಜುಲೈನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆ ಪ್ರಕಾರ, ಗುಟ್ಟಿನ ನಂಬರನ್ನು ಗ್ರಾಹಕರೇ ಕೊಟ್ಟಿದ್ದರೆ ಬ್ಯಾಂಕಿಗೆ ದೂರು ಕೊಡುವ ತನಕದ ನಷ್ಟ ಅವರದೇ. ದೂರು ಕೊಟ್ಟ ಮೇಲೂ ಹೋದರೆ ಅದು ಬ್ಯಾಂಕಿನದು. ಹಾಗಾಗಿ ಬಾಯಿಮಾತು ಬೇಡ, ಬರೆದುಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಪಿನ್ನೂ ಬದಲಾಯಿಸಿ.

ಅಪ್ಪನಿಗೆ ಒಂದೇ ಮಾತು ಹೇಳಿ: ದುಡ್ಡು ಬರುವುದಕ್ಕೆ ಪಿನ್ ಬೇಕಿಲ್ಲ, ಹೋಗುವುದಕ್ಕೆ ಬೇಕು. ಲಿಂಕ್ ಒತ್ತಿದಾಗ ತೆರೆದುಕೊಂಡದ್ದು ಅವರ ಅಸಲಿ ಆ್ಯಪೇ ಇರಬಹುದು, ಅದರಲ್ಲಿ ಕಳ್ಳನ ಹೆಸರು, ಮೊತ್ತ ಮೊದಲೇ ತುಂಬಿಸಿಟ್ಟಿರುತ್ತಾರೆ. ಅಂಥದ್ದರಲ್ಲಿ ಬೀಳುವುದು ದಡ್ಡತನವಲ್ಲ. ಈ ಅಂಕಣ ಬರೆಯುವ ನಾನೇ ಒಮ್ಮೆ ಕೊರಿಯರ್ ಮೇಲ್ ನಂಬಿ ಕಾರ್ಡ್ ನಂಬರಿನ ಹನ್ನೆರಡು ಅಂಕಿ ಒತ್ತಿಬಿಟ್ಟಿದ್ದೆ, ಕುಕ್ಕರ್ ಕೂಗಿದ್ದಕ್ಕೆ ಎದ್ದು ಹೋಗಿ ಉಳಿದುಕೊಂಡೆ.

ಇನ್ನು ಕೆಲವು ದಿನದಲ್ಲಿ 'ನಿಮ್ಮ ದುಡ್ಡು ವಾಪಸ್ ಕೊಡಿಸ್ತೀವಿ, ಮೊದಲು ಸ್ವಲ್ಪ ಶುಲ್ಕ ಕಟ್ಟಿ' ಅಂತ ಯಾರಾದರೂ ಫೋನ್ ಮಾಡಬಹುದು. ಒಮ್ಮೆ ಮೋಸಹೋದವರ ನಂಬರ್ ಈ ಕಳ್ಳರಿಗೆ ಬೇಕು. ಆಗ ಫೋನನ್ನು ಅಪ್ಪನ ಕೈಗೇ ಕೊಡಿ. ಈ ಸಲ ಬೈಯುವ ಸರದಿ ಅವರದು.