ಅರ್ಥಶಾಸ್ತ್ರಜ್ಞರು ಬೇಡವೆಂದರೂ ಸರ್ಕಾರಗಳು ಆಮದು ಸುಂಕವನ್ನು ಏಕೆ ಹೆಚ್ಚಿಸುತ್ತವೆ?

ಸುಂಕದ ಲಾಭ ಕೆಲವೇ ಉದ್ಯಮಗಳಿಗೆ ದೊಡ್ಡ ಮೊತ್ತದಲ್ಲಿ ಸಿಗುತ್ತದೆ, ನಷ್ಟವಾದರೋ ಕೋಟ್ಯಂತರ ಗ್ರಾಹಕರ ನಡುವೆ ಸಣ್ಣ ಸಣ್ಣ ಪಾಲಾಗಿ ಹಂಚಿಹೋಗುತ್ತದೆ ಎಂಬುದೇ ಇದಕ್ಕೆ ಮುಖ್ಯ ಕಾರಣ. ಲಾಭ ಪಡೆಯುವವರು ಸಂಘಟಿತರಾಗಿ ಸರ್ಕಾರದ ಮೇಲೆ ಒತ್ತಡ ತರುತ್ತಾರೆ. ಆದರೆ ಕೊಳ್ಳುವ ವಸ್ತುವಿನ ಬೆಲೆ ತುಸು ಏರಿತೆಂದು ಯಾವ ಗ್ರಾಹಕನೂ ತನ್ನ ಕೆಲಸ ಬಿಟ್ಟು ಹೋರಾಟಕ್ಕೆ ಇಳಿಯುವುದಿಲ್ಲ. 1930ರಲ್ಲಿ ಅಮೆರಿಕದ ಸಾವಿರಕ್ಕೂ ಹೆಚ್ಚು ಅರ್ಥಶಾಸ್ತ್ರಜ್ಞರು ಸಹಿ ಹಾಕಿ ಬೇಡವೆಂದು ಮನವಿ ಮಾಡಿದ್ದರೂ ಅಧ್ಯಕ್ಷ ಹರ್ಬರ್ಟ್ ಹೂವರ್ ಆಮದು ಸುಂಕ ಏರಿಸುವ ಸ್ಮೂಟ್-ಹಾಲಿ ಮಸೂದೆಗೆ ಅಂಕಿತ ಹಾಕಿದರು. ಇದಕ್ಕೆ ಪ್ರತಿಯಾಗಿ ಹಲವು ದೇಶಗಳು ಅಮೆರಿಕದ ಸರಕುಗಳ ಮೇಲೆ ಸುಂಕ ವಿಧಿಸಿದವು. ಹೊಸದಾಗಿ ಬೆಳೆಯುತ್ತಿರುವ ಉದ್ಯಮಕ್ಕೆ ಕೆಲಕಾಲ ರಕ್ಷಣೆ ಕೊಡುವುದನ್ನು ನಾನು ವಿರೋಧಿಸುವುದಿಲ್ಲ. ಆದರೆ ಒಮ್ಮೆ ಕೊಟ್ಟ ರಕ್ಷಣೆಯನ್ನು ಹಿಂಪಡೆಯುವುದು ಲಾಭ ಪಡೆಯುವವರ ಇದೇ ಸಂಘಟಿತ ಒತ್ತಡದಿಂದಾಗಿ ಬಹಳ ಕಷ್ಟವಾದ್ದರಿಂದ, ಅದು ಕೊನೆಗೊಳ್ಳುವ ದಿನಾಂಕವನ್ನು ಕಾನೂನಿನಲ್ಲೇ ನಮೂದಿಸಬೇಕು.