ಬೋರ್ಡು ಓದಿ, ಇಸವಿ ಸಿಗುತ್ತದೆ

ಪತ್ರ: ಕಾಸರಗೋಡಿನ ಹಳೆ ಬಸ್ ನಿಲ್ದಾಣ, ಎಂ.ಜಿ. ರಸ್ತೆಯ ಪೇಟೆ ಈಗ ಗುರುತೇ ಸಿಗುವುದಿಲ್ಲ. ಮನೆಯಲ್ಲಿದ್ದ ನಾಲ್ಕು ಹಳೆ ಫೋಟೊಗಳನ್ನು ಮೊಬೈಲಿನಲ್ಲಿ ತೆಗೆದು ಕಳುಹಿಸಿದ್ದೇನೆ. ‘ಅರುವತ್ತರ ದಶಕದ ನಮ್ಮ ಪೇಟೆ’ ಎಂದು ಪ್ರಕಟಿಸುವಿರಾ? ಒಂದು ಫೋಟೊ ಫ್ರೇಮಿನ ಗಾಜಿಗೆ ಅಂಟಿಕೊಂಡಿದೆ, ಬಿಡಿಸಲೇ?
– ಓದುಗರು, ನೆಲ್ಲಿಕುಂಜೆ

ಸಂಪಾದಕರ ಉತ್ತರ: ಪ್ರಕಟಿಸುತ್ತೇವೆ, ಆದರೆ ಆ ತಲೆಬರಹ ಬೇಡ. ಮೊದಲ ಚಿತ್ರದ ಜವಳಿ ಅಂಗಡಿಯ ಬೋರ್ಡನ್ನು ದೊಡ್ಡದು ಮಾಡಿ ನೋಡಿ. ಊರ ಹೆಸರಿನ ಪಕ್ಕ 671121 ಎಂದಿದೆ. ಪಿನ್‌ಕೋಡ್ ಬಂದದ್ದೇ 1972ರ ಆಗಸ್ಟ್ 15ಕ್ಕೆ. ಕೆಳಗೆ ‘ಕಣ್ಣೂರು ಜಿಲ್ಲೆ’ ಎಂದೂ ಇದೆ. ಕಾಸರಗೋಡು ಬೇರೆ ಜಿಲ್ಲೆಯಾದದ್ದು 1984ರ ಮೇ 24ರಂದು. ಹಾಗೆಂದು ಫೋಟೊ ಅದಕ್ಕೂ ಮೊದಲಿನದೇ ಎಂದು ಆಣೆ ಹಾಕುವಂತಿಲ್ಲ. ಜಿಲ್ಲೆ ಬದಲಾಯಿತೆಂದು ಯಾವ ಅಂಗಡಿಯವರೂ ಮರುದಿನವೇ ಪೈಂಟರನ್ನು ಕರೆಯುವುದಿಲ್ಲ. ಹೊಸ ಗುರುತು ಕಂಡರೆ ‘ಇದಕ್ಕಿಂತ ಹಿಂದಿನದಲ್ಲ’ ಎನ್ನುವುದು ಖಚಿತ, ಹಳೆ ಗುರುತು ಉಳಿದಿದ್ದರೆ ಅದು ಬರೀ ಸುಳಿವು. (ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರ ನಂತರವೂ ಬೋರ್ಡಿನಲ್ಲಿ ‘ದಕ್ಷಿಣ ಕನ್ನಡ’ ಉಳಿದಿದ್ದರೆ ಅದಕ್ಕೆ ಬಣ್ಣದ ಖರ್ಚೊಂದೇ ಕಾರಣವಾಗಿರಲಿಕ್ಕಿಲ್ಲ.)

ಎರಡನೆಯದರಲ್ಲಿ ನಿಂತ ಜೀಪಿನ ನಂಬರು ‘ಕೆಎಲ್ 14’ ಎಂದು ಶುರುವಾಗುತ್ತದೆ. ಆ ಕ್ರಮ 1989ರದ್ದು. ನಿಮ್ಮ ಅರುವತ್ತು ತೊಂಬತ್ತರ ಹತ್ತಿರ ಬಂತು! ಮೂರನೆಯದು ಕಲರ್ ಪ್ರಿಂಟು. ಅದರ ಕೆಂಪು ಸಂಜೆ ಬಿಸಿಲಲ್ಲ, ನೀಲಿ-ಹಸಿರು ಬಣ್ಣ ಮೊದಲು ಮಾಸಿ ಕೆಂಪು ಉಳಿದಿದೆ.

ಅರುವತ್ತರ ಹತ್ತಿರ ನಿಲ್ಲುವುದು ನಾಲ್ಕನೆಯದು ಮಾತ್ರ. ಹೋಟೆಲಿನ ದರಪಟ್ಟಿಯಲ್ಲಿ ‘ನಯೇ ಪೈಸೆ’ ಇದೆ. 1957ರ ಏಪ್ರಿಲ್ 1ಕ್ಕೆ ಬಂದ ಆ ಹೆಸರಿನಿಂದ ‘ನಯೇ’ ಬಿದ್ದುಹೋದದ್ದು 1964ರ ಜೂನ್ 1ಕ್ಕೆ. ಅಂಗಡಿ ಬೋರ್ಡಿಗಿಂತ ದರಪಟ್ಟಿ ನಂಬಲು ಲೇಸು, ಚಾದ ರೇಟು ಏರಿದಾಗೆಲ್ಲ ತಿದ್ದಲೇಬೇಕಲ್ಲ.

ಗಾಜಿಗೆ ಅಂಟಿರುವುದೂ ಅದೇ. ದಯವಿಟ್ಟು ಎಬ್ಬಬೇಡಿ. ಮಳೆಗಾಲದ ತೇವಕ್ಕೆ ಫೋಟೊದ ಜೆಲಟಿನ್ ಪದರ ಉಬ್ಬಿ ಗಾಜು ಹಿಡಿಯುತ್ತದೆ. ಎಳೆದರೆ ಚಿತ್ರ ಗಾಜಿನಲ್ಲಿ, ಬರೀ ಕಾಗದ ಕೈಯಲ್ಲಿ. ನೀರು, ಹೇರ್ ಡ್ರೈಯರ್ ಎರಡೂ ಬೇಡ. ಹಿಂದಿನ ರಟ್ಟು, ಮರದ ಚೌಕಟ್ಟು ತೆಗೆದು ಗಾಜಿನ ಸಮೇತ ಸ್ಕ್ಯಾನರಿನ ಮೇಲೆ ಮೆಲ್ಲನೆ ಇಡಿ, ಸ್ಕ್ಯಾನಿನ ಸೂಕ್ಷ್ಮತೆ 600 ಡಿಪಿಐ ಇಟ್ಟು ಟಿಫ್ ಕಡತವಾಗಿ ಉಳಿಸಿ. ಉಳಿದ ಮೂರನ್ನು ಹಿಂಬದಿಯೂ ಸ್ಕ್ಯಾನ್ ಮಾಡಿ, ಸ್ಟುಡಿಯೊದ ಸೀಲು ಇರಬಹುದು. ಹೆಸರು, ಜಾಗ ಬರೆಯುವುದಾದರೆ ಹಿಂಬದಿಯ ಅಂಚಿನಲ್ಲಿ 2ಬಿ ಪೆನ್ಸಿಲಿನಿಂದ ಒತ್ತದೆ ಬರೆಯಿರಿ. ಬಾಲ್‌ಪೆನ್ನಿನ ಗೀರು ಮುಂಬದಿಗೆ ಏಳುತ್ತದೆ.

ಫೋನಿನ ಪ್ರತಿಯಲ್ಲಿ ದರಪಟ್ಟಿಯ ಕೆಳಗಿನ ಎರಡು ಸಾಲು ಫ್ಲಾಶಿನ ಬೆಳಕಿಗೆ ಬಿಳಿಚಿವೆ. ಸ್ಕ್ಯಾನ್ ಬಂದ ಮೇಲೆ ಅವನ್ನು ಓದಿ ಅಡಿಬರಹ ಹಾಕುತ್ತೇವೆ.