ಸ್ಕ್ಯಾನರ್ ಓಡಿದೊಡನೆ ಹಾರ್ಡ್ ಡಿಸ್ಕ್ ಮರೆಯಾಗುತ್ತದೆ: ಯಾವ ಯುಎಸ್‌ಬಿ ಹಬ್ ಕೊಳ್ಳಲಿ?

ಪ್ರಶ್ನೆ: ಬದಿಯಡ್ಕದಲ್ಲಿ ಚಿಕ್ಕ ಡಿಟಿಪಿ ಅಂಗಡಿ ನಡೆಸುತ್ತಿದ್ದೇನೆ. ಲ್ಯಾಪ್‌ಟಾಪಿನಲ್ಲಿ ಎರಡೇ ಯುಎಸ್‌ಬಿ ಪೋರ್ಟ್‌ಗಳಿರುವುದರಿಂದ, ಅಡಾಪ್ಟರ್ ಇಲ್ಲದ ನಾಲ್ಕು ಪೋರ್ಟಿನ ಹಬ್ ಒಂದಕ್ಕೆ ಕೀಬೋರ್ಡ್, ಪ್ರಿಂಟರ್, ಸ್ಕ್ಯಾನರ್ ಮತ್ತು ಪೋರ್ಟಬಲ್ ಹಾರ್ಡ್ ಡಿಸ್ಕ್ ಜೋಡಿಸಿದ್ದೇನೆ. ಸ್ಕ್ಯಾನ್ ಮಾಡುವಾಗಲೆಲ್ಲ ಹಾರ್ಡ್ ಡಿಸ್ಕ್ ಟಿಕ್ ಟಿಕ್ ಎಂದು ಸದ್ದು ಮಾಡಿ ಪರದೆಯಿಂದ ಮರೆಯಾಗುತ್ತದೆ. ಅಡಾಪ್ಟರ್ ಇರುವ ಹಬ್ ಕೊಳ್ಳಲೇಬೇಕೇ? ಅದರಿಂದ ವೇಗವೂ ಹೆಚ್ಚುತ್ತದೆಯೇ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ನಿಮ್ಮ ಕೆಲಸಕ್ಕೆ ಅಡಾಪ್ಟರ್ ಇರುವ ಹಬ್ ಬೇಕೇ ಬೇಕು. ಅದು ಕೈಸೇರುವವರೆಗೆ ಹಾರ್ಡ್ ಡಿಸ್ಕನ್ನು ನೇರವಾಗಿ ಲ್ಯಾಪ್‌ಟಾಪಿಗೇ ಜೋಡಿಸಿರಿ. ಕಡತ ಬರೆಯುತ್ತಿರುವಾಗ ಡಿಸ್ಕ್ ಹೀಗೆ ಕಳಚಿಕೊಂಡರೆ ಗಿರಾಕಿಗಳ ದಾಖಲೆಗಳೇ ಕೆಟ್ಟುಹೋಗಬಹುದು.

ಅಡಾಪ್ಟರ್ ಇಲ್ಲದ ಹಬ್, ಲ್ಯಾಪ್‌ಟಾಪಿನ ಒಂದೇ ಪೋರ್ಟಿನಿಂದ ಬರುವ ವಿದ್ಯುತ್ತನ್ನು ಎಲ್ಲ ಸಾಧನಗಳಿಗೂ ಹಂಚುತ್ತದೆ. ಯುಎಸ್‌ಬಿ 2.0 ನಿಯಮದಂತೆ ಆ ಪೋರ್ಟ್ ಕೊಡಬೇಕಾದದ್ದು 5 ವೋಲ್ಟಿನಲ್ಲಿ 500 ಮಿಲಿಆಂಪಿಯರ್. ಅದರಲ್ಲಿ ಹಬ್‌ನ ಸ್ವಂತ ಖರ್ಚು ಕಳೆದು ನಾಲ್ಕು ಪೋರ್ಟ್‌ಗಳಿಗೆ ತಲಾ 100 ಮಿಲಿಆಂಪಿಯರ್ ಎಂಬ ಲೆಕ್ಕ. ಯುಎಸ್‌ಬಿ 3.0 ಪೋರ್ಟ್ ಆದರೆ ಒಟ್ಟು 900. ಕೀಬೋರ್ಡಿಗೆ ಇಷ್ಟು ಧಾರಾಳವಾಯಿತು. ಪ್ರಿಂಟರ್ ಗಾತ್ರದಲ್ಲಿ ದೊಡ್ಡದಾದರೂ ಗೋಡೆಯ ಪ್ಲಗ್‌ನಿಂದಲೇ ಕರೆಂಟ್ ಪಡೆಯುವುದರಿಂದ ಹಬ್‌ಗೆ ಭಾರವಲ್ಲ. ನಿಜವಾದ ಭಾರವೆಂದರೆ ಅಂಗೈಯಗಲದ ಆ ಹಾರ್ಡ್ ಡಿಸ್ಕ್: ಒಳಗಿನ ತಟ್ಟೆ ತಿರುಗತೊಡಗುವ ಕ್ಷಣದಲ್ಲಿ ಅದು 500 ಮಿಲಿಆಂಪಿಯರನ್ನೂ ಮೀರಿ ಎಳೆಯಬಹುದು. ನಿಮ್ಮ ಸ್ಕ್ಯಾನರಿಗೂ ಪ್ರತ್ಯೇಕ ಅಡಾಪ್ಟರ್ ಇಲ್ಲದಿದ್ದರೆ, ಅದರ ದೀಪ ಮತ್ತು ಮೋಟಾರು ಚಾಲೂ ಆದೊಡನೆ ವೋಲ್ಟೇಜ್ ಕುಸಿದು ಡಿಸ್ಕ್ ನಿಲ್ಲುವುದು ಸಹಜ.

ಕೊಳ್ಳುವಾಗ ಪೋರ್ಟ್‌ಗಳ ಸಂಖ್ಯೆಗಿಂತ ಅಡಾಪ್ಟರಿನ ಮೇಲೆ ಅಚ್ಚಾಗಿರುವ ಆಂಪಿಯರ್ ನೋಡಿರಿ. ನಾಲ್ಕು ಪೋರ್ಟ್‌ಗಳಿಗೂ ತಲಾ 900 ಮಿಲಿಆಂಪಿಯರ್ ಸಿಗಬೇಕಾದರೆ 3.6 ಆಂಪಿಯರ್ ಬೇಕು. ಆದುದರಿಂದ 5 ವೋಲ್ಟ್, 4 ಆಂಪಿಯರಿನದು ನಿಶ್ಚಿಂತೆ. ಏಳು ಪೋರ್ಟ್ ಕೊಟ್ಟು 2 ಆಂಪಿಯರಿನ ಅಡಾಪ್ಟರ್ ಇಟ್ಟಿರುವ ಹಬ್‌ಗಿಂತ ಇದು ಎಷ್ಟೋ ಮೇಲು. ಅಡಾಪ್ಟರ್ ಹಾಳಾದಾಗ ಮನೆಯಲ್ಲಿರುವ ಯಾವುದೋ 12 ವೋಲ್ಟಿನದನ್ನು, ಪಿನ್ ಹೊಂದುತ್ತದೆಂಬ ಕಾರಣಕ್ಕೆ 5 ವೋಲ್ಟಿನ ಹಬ್‌ಗೆ ಸಿಕ್ಕಿಸಬೇಡಿ; ಹಬ್ ಸುಟ್ಟುಹೋಗಬಹುದು, ಜೋಡಿಸಿದ ಸಾಧನಗಳಿಗೂ ಅಪಾಯ.

ವೇಗದ ವಿಷಯ ಬೇರೆ. ಅಡಾಪ್ಟರ್ ವಿದ್ಯುತ್ತನ್ನು ಹೆಚ್ಚಿಸುತ್ತದೆಯೇ ಹೊರತು ವೇಗವನ್ನಲ್ಲ. ಯುಎಸ್‌ಬಿ 2.0 ಹಬ್ ಆದರೆ ಸೆಕೆಂಡಿಗೆ 480 ಮೆಗಾಬಿಟ್, 3.0 ಆದರೆ 5 ಗಿಗಾಬಿಟ್ ಎಂಬ ಮಿತಿಯನ್ನು ಎಲ್ಲ ಸಾಧನಗಳೂ ಹಂಚಿಕೊಳ್ಳಬೇಕು. ಲ್ಯಾಪ್‌ಟಾಪಿನ ಪೋರ್ಟ್ 3.0 ಇದ್ದರೆ ಹಬ್ ಕೂಡ 3.0 ಇರಲಿ.

ಈಗಿರುವ ಹಬ್ಬನ್ನು ಎಸೆಯಬೇಕಾಗಿಲ್ಲ. ಕೀಬೋರ್ಡ್, ಮೌಸ್‌ಗಳಿಗೆ, ಪ್ರಯಾಣಕ್ಕೆ ಅದು ಸಾಕು.

ನಮ್ಮ ಕಡೆಯ ಮಳೆಗಾಲದಲ್ಲಿ ಕರೆಂಟ್ ಹೋಗುವುದು ಹೊಸತಲ್ಲವಾದ ಕಾರಣ ಇನ್ನೊಂದು ಎಚ್ಚರಿಕೆ ಅಗತ್ಯ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡುತ್ತಿದ್ದರೂ ಹಬ್‌ನ ಅಡಾಪ್ಟರ್ ನಿಂತಾಗ ಡಿಸ್ಕ್ ಪುನಃ ಕಳಚಿಕೊಳ್ಳುತ್ತದೆ. ಆದುದರಿಂದ ಅಡಾಪ್ಟರನ್ನು ಯುಪಿಎಸ್ ಇರುವ ಪ್ಲಗ್ಗಿಗೇ ಹಾಕಿರಿ. ಅಕ್ಟೋಬರ್, ನವೆಂಬರ್‌ಗಳ ಸಂಜೆ ಗುಡುಗು ಕೇಳಿಸತೊಡಗಿದೊಡನೆ ಅಡಾಪ್ಟರನ್ನು ಗೋಡೆಯಿಂದಲೂ ಹಬ್‌ನ ಕೇಬಲನ್ನು ಲ್ಯಾಪ್‌ಟಾಪಿನಿಂದಲೂ ಕಳಚಿಡಿ. ಸ್ವಿಚ್ ಆರಿಸುವುದಷ್ಟೇ ಸಿಡಿಲಿಗೆ ತಡೆಯಾಗದು.